ಕೊಬ್ಬರಿ ಎಣ್ಣೆ ಕರಗ್ತು, ಮಡಕೆ ಬಂತು: ಪಾಟರಿ ಟೌನ್ ಮಣ್ಣಿನ ಮಡಕೆ, ಒಂದೂವರೆ ತಿಂಗಳು ಬಳಸಿದ ಮೇಲೆ

ನಮ್ಮನೇಲಿ ಚಳಿಗಾಲ ಮುಗೀತು ಅಂತ ಮೊದಲು ಹೇಳೋದು ಕೊಬ್ಬರಿ ಎಣ್ಣೆ ಬಾಟ್ಲು. ಡಿಸೆಂಬರ್ ಜನವರೀಲಿ ಬೆಳಿಗ್ಗೆ ಹೊತ್ತು ಬೆಣ್ಣೆ ಥರ ಗಟ್ಟಿಯಾಗಿ ಕೂತಿರುತ್ತೆ, ತಲೆಕೆಳಗು ಮಾಡಿದ್ರೂ ಒಂದು ಹನಿ ಬೀಳಲ್ಲ, ಬಿಸಿನೀರಿನ ಮಗ್ಗಲ್ಲಿ ಅದ್ದಿಟ್ಟು ಕಾಯ್ಬೇಕು, ಅಷ್ಟೊತ್ತಿಗೆ ಕೆಳಗೆ ಮಗಳ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯೋಕೆ ಶುರು ಮಾಡಿರುತ್ತೆ. ಶಿವರಾತ್ರಿ ಕಳೆದು ಒಂದು ವಾರಕ್ಕೆ ಆ ಎಣ್ಣೆ ತಾನಾಗೇ ನೀರಾಗಿ ಬಾಟ್ಲಲ್ಲಿ ಅಲ್ಲಾಡ್ತಾ ಇರುತ್ತೆ. ಚಳಿ ಶಿವಶಿವಾ ಅಂತ ಓಡೋಯ್ತು ಅಂತ ನಮ್ಮಜ್ಜಿ ಅಂತಿದ್ರು, ಸರಿಯಾಗೇ ಇದೆ.

ಅಲ್ಲಿಂದ ಮನೆಯೊಳಗೆ ಒಂದೊಂದೇ ಬದಲಾಗ್ತಾ ಹೋಗುತ್ತೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಚಳೀಲಿ ಬೆಳಿಗ್ಗೆ ಏಳಕ್ಕೂ ಉಬ್ಬಿರ್ತಿರ್ಲಿಲ್ಲ, ಈಗ ನಡುರಾತ್ರಿಗೇ ಪಾತ್ರೆ ಮುಚ್ಚಳ ಎತ್ತಿ ಕಟ್ಟೆ ಮೇಲೆಲ್ಲಾ ಹರಿದಿರುತ್ತೆ. ಮೊಸರಿಗೆ ಹೆಪ್ಪು ಅರ್ಧ ಚಮಚಕ್ಕಿಂತ ಜಾಸ್ತಿ ಹಾಕಿದ್ರೆ ಮಧ್ಯಾಹ್ನಕ್ಕೆ ಹುಳಿ. ಬಾಲ್ಕನಿ ಮುಂದಿನ ಹೊಂಗೆ ಮರ ಎಲೆ ಉದುರಿಸೋಕೆ ಶುರು ಮಾಡುತ್ತೆ, ದಿನಾ ಎರಡು ಸಲ ಗುಡಿಸ್ಬೇಕು, ಗುಡಿಸಿ ತಿರುಗಿ ನೋಡಿದ್ರೆ ಮತ್ತೆ ಅಷ್ಟೇ, ಆಮೇಲೆ ಒಂದಿನ ನೋಡಿದ್ರೆ ಎಣ್ಣೆ ಹಚ್ಚಿದ ಹಾಗೆ ಮಿಂಚೋ ಎಳೆ ಹಸಿರು ಚಿಗುರು, ಯಾವಾಗ ಬಂತು ಅಂತಾನೇ ಗೊತ್ತಾಗಿರಲ್ಲ. ರಸ್ತೆ ಕೊನೇಲಿ ಟಬೂಬಿಯಾ ಹಳದಿ ಹೂ ಬಿಟ್ಟಿರುತ್ತೆ, ಅದರ ಕೆಳಗೆ ನಿಂತ ಕಾರಿನ ಓನರ್ ಬಿಟ್ಟು ಮಿಕ್ಕೋರೆಲ್ಲಾ ಫೋಟೋ ತೆಗೀತಾರೆ.

ಮತ್ತೆ ನಮ್ಮನೆ ವಾರ್ಷಿಕ ಜಗಳ ಶುರುವಾಗೋದೂ ಆಗಲೇ. ಮಗಳು ಸ್ಕೂಲಿಂದ ಬಂದವಳೇ ಫ್ರಿಜ್ ಬಾಗಿಲು ತೆಗೆದು ಬಾಟ್ಲು ಎತ್ತಿ ಗಟಗಟ ಕುಡೀತಾಳೆ, ಎರಡು ದಿನಕ್ಕೆ ಗಂಟಲು ಕಟ್ಟುತ್ತೆ, ನನ್ನ ಹೆಂಡ್ತಿ ನನ್ನ ಮುಖ ನೋಡ್ತಾಳೆ, ಯಾಕಂದ್ರೆ ಬಾಟ್ಲು ತುಂಬಿಸಿ ಫ್ರಿಜ್‌ಗೆ ಇಟ್ಟಿದ್ದು ನಾನು. ಅದಕ್ಕೇ ಮಡಕೆ.

ಹೋದ ವರ್ಷದ ಕಥೆ ಮೊದಲು ಹೇಳ್ಬಿಡ್ತೀನಿ. ಒಂದು ಆನ್‌ಲೈನ್ ಆಪಲ್ಲಿ ಆರ್ಡರ್ ಮಾಡಿದ್ದೆ, ಹೆಸರು ಬೇಡ. ಫೋಟೋದಲ್ಲಿ ಸಖತ್ತಾಗಿತ್ತು, ಮೈತುಂಬ ವಾರ್ಲಿ ಥರ ಬೊಂಬೆ ಚಿತ್ರ, ಫಳಫಳ ಹೊಳಪು. ಬಂದಾಗ ಬಾಕ್ಸ್ ತುಂಬ ಥರ್ಮಾಕೋಲ್, ಒಡೆದಿರ್ಲಿಲ್ಲ, ಖುಷಿಯಾಯ್ತು. ನೀರು ಹಾಕಿ ಒಂದು ದಿನ ಬಿಟ್ಟು ಕುಡಿದ್ರೆ ಸ್ಟೀಲ್ ಕೊಳಗದಲ್ಲಿಟ್ಟ ನೀರಿಗೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ. ಆಗ ನಮ್ಮತ್ತೆ ಕಲಬುರಗಿಯಿಂದ ಬಂದಿದ್ರು, ಮಡಕೆ ಮೇಲೆ ಒಂದು ಸಲ ಕೈ ಸವರಿ ನೋಡಿ ಹೇಳಿದ್ದು ಇಷ್ಟೇ: "ಇದೇನ್ ಹರವೀರಿ? ಮೈತುಂಬ ಬಣ್ಣ ಬಳದಾರ, ಉಸಿರ ಹ್ಯಾಂಗ ಆಡ್ತದ ಅದು? ಹರವಿ ಅಂದ್ರ ಬೆವರಬೇಕ್ರಿ." ಅವರ ಕಡೆ ದೊಡ್ಡ ಮಡಕೆಗೆ ಹರವಿ ಅಂತಾರೆ. ಆ ವಾರ್ನಿಷ್ ಸುಂದರಿ ಈಗ ನಮ್ಮ ಬಾಲ್ಕನೀಲಿ ದೊಡ್ಡಪತ್ರೆ ಗಿಡ ಇಟ್ಕೊಂಡು ನಿಂತಿದೆ.

ಈ ಸಲ ಅತ್ತೇನ ಜೊತೆಗೇ ಕರ್ಕೊಂಡು ಪಾಟರಿ ಟೌನ್‌ಗೆ ಹೋದ್ವಿ. ಗೊತ್ತಿಲ್ದೋರಿಗೆ, ಇದು ಬೆಂಗಳೂರಲ್ಲಿ ಬೆನ್ಸನ್ ಟೌನ್ ಪಕ್ಕ, ಕಂಟೋನ್ಮೆಂಟ್ ಸ್ಟೇಷನ್‌ನಿಂದ ದೂರ ಇಲ್ಲ, ಮೆಟ್ರೋ ಪಿಂಕ್ ಲೈನ್ ನಕ್ಷೇಲೂ ಪಾಟರಿ ಟೌನ್ ಅಂತಲೇ ಒಂದು ಸ್ಟೇಷನ್ ಹೆಸರಿದೆ. ಕುಂಬಾರಿಕೆ ಮಾಡೋ ಮನೆಗಳ ಬೀದಿ. ಗಣೇಶನ ಹಬ್ಬಕ್ಕೆ ಮುಂಚೆ ಹೋದ್ರೆ ಸಾಲಾಗಿ ಗಣಪತಿ, ದೀಪಾವಳಿಗೆ ಹಣತೆ, ಈ ಟೈಮಲ್ಲಿ ಮಡಕೆ. ಮಾಲ್ ಥರ ಏನೂ ನಿರೀಕ್ಷೆ ಮಾಡ್ಬೇಡಿ, ರಸ್ತೆ ಬದೀಲೇ ಒಣಗೋಕಿಟ್ಟಿರ್ತಾರೆ, ಮನೆ ಮುಂದೇನೇ ಅಂಗಡಿ, ಅಂಗಡಿ ಹಿಂದೇನೇ ಮನೆ. ಕಾರ್ ತಗೊಂಡು ಹೋದ್ರೆ ಪಾರ್ಕಿಂಗ್‌ಗೆ ಒದ್ದಾಡ್ತೀರ, ಆಟೋಲಿ ಹೋಗಿ, ವಾಪಸ್ ಬರ್ತಾ ಮಡಕೇನ ತೊಡೆ ಮೇಲೆ ಇಟ್ಕೊಂಡು ಕೂತ್ಕೊಬೇಕು, ಪ್ರತಿ ಹಂಪ್‌ಗೂ ಜೀವ ಬಾಯಿಗೆ ಬರುತ್ತೆ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನೋ ಗಾದೆ ಬೆಂಗಳೂರು ರೋಡ್ ಮೇಲೆ ಕೂತಾಗ ಚೆನ್ನಾಗಿ ಅರ್ಥ ಆಗುತ್ತೆ.

ಆರಿಸೋದು ಹೇಗೆ ಅಂತ ಅತ್ತೆ ಹತ್ರ ಕಲಿತೆ. ಮಡಕೆ ಬಾಯಿ ಅಂಚನ್ನ ಒಂದು ಕೈಯಲ್ಲಿ ಹಿಡಿದು ಎತ್ತಿ ಬೆರಳ ಗೆಣ್ಣಿಂದ ತಟ್ಬೇಕು. ಠಣ್ ಅಂತ ಗಂಟೆ ಥರ ಬಂದ್ರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ಬೊದ್ ಅಂದ್ರೆ ಎಲ್ಲೋ ಸೀಳಿದೆ, ಇಲ್ಲಾ ಆವಿಗೇಲಿ, ಅಂದ್ರೆ ಮಡಕೆ ಸುಡೋ ಗೂಡಲ್ಲಿ, ಸರಿಯಾಗಿ ಬೆಂದಿಲ್ಲ. ನಾನು ಸುಮ್ನೆ ನೋಡಿ ಇದು ಚೆನ್ನಾಗಿದೆ ಅಂದಿದ್ದು ಮೂರೂ ಬೊದ್ ಅಂದ್ವು. ಅತ್ತೆ ಏಳೆಂಟು ತಟ್ಟಿದ ಮೇಲೆ ಅಂಗಡಿಯಮ್ಮನೇ ನಗ್ತಾ ಒಳಗಿಂದ ಒಂದು ತಂದ್ಕೊಟ್ರು, ತಟ್ಟಿ ನೋಡಿ ಅಮ್ಮಾ ಅಂತ. ತಟ್ಟಿದ್ರು, ಇಬ್ಬರ ಮುಖದಲ್ಲೂ ಸಮಾಧಾನ. ಆಮೇಲೆ ಇಬ್ಬರೂ ರೇಟಿಗೆ ಕೂತ್ರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಚೌಕಾಸಿ ಮಾತ್ರ ಎಲ್ಲೂ ನಿಲ್ಲಲಿಲ್ಲ. 12 ಲೀಟರ್ ಹಿಡಿಯೋ, ಬಣ್ಣ ಗಿಣ್ಣ ಇಲ್ಲದ ಕೆಂಪು ಮಡಕೆ, ಮಣ್ಣಿನ ಮುಚ್ಚಳ ಸೇರಿ 450 ರೂಪಾಯಿ. ಜೊತೆಗೆ ಹಕ್ಕಿಗಳಿಗೆ ನೀರಿಡೋಕೆ ಅಗಲದ ಮಣ್ಣಿನ ತಟ್ಟೆ 80ಕ್ಕೆ. ದುಡ್ಡು ಕೊಡ್ತಾ ಇರ್ಬೇಕಾದ್ರೆ ಅಂಗಡಿಯಮ್ಮ ಒಂದು ಮಾತು ಹೇಳಿದ್ರು, ಒಂದು ಬೇಸಿಗೆ ಚೆನ್ನಾಗಿ ಬರುತ್ತೆ, ಎರಡನೇದಕ್ಕೆ ಸ್ವಲ್ಪ ಕಮ್ಮಿ, ಮೂರನೇದಕ್ಕೆ ಮತ್ತೆ ಇಲ್ಲಿಗೇ ಬನ್ನಿ ಅಂತ. ಮಾರೋರೇ ಹಿಂಗೆ ಬಿಚ್ಚಿ ಹೇಳಿದ್ದು ನಂಗಂತೂ ತುಂಬ ಇಷ್ಟ ಆಯ್ತು.

ನಲ್ಲಿ ಇರೋದು ತಗೊಳ್ಳೋದಾ ಬೇಡ್ವಾ ಅಂತ ಅಲ್ಲೇ ಒಂದು ಚರ್ಚೆ ಆಯ್ತು. ಅತ್ತೆ ಬೇಡ ಅಂದ್ರು, ನಾನು ಮಗಳಿಗೆ ಸುಲಭ ಅಂತ ತೂತು ಇರೋದೇ ತಗೊಂಡೆ. ಪ್ಲಾಸ್ಟಿಕ್ ನಲ್ಲಿ ಫ್ರೀ ಕೊಟ್ರು, ನಾನು ದೊಡ್ಡ ಬುದ್ಧಿವಂತನ ಥರ ಮನೆ ಹತ್ರ ಹಾರ್ಡ್‌ವೇರ್ ಅಂಗಡೀಲಿ 180 ಕೊಟ್ಟು ಸ್ಟೀಲ್ ನಲ್ಲಿ ತಂದು, ವಾಷರ್ ಹಾಕಿ, ನಟ್‌ನ ಸ್ಪ್ಯಾನರಲ್ಲಿ ಬಿಗಿ ಮಾಡಿದೆ. ಮಣ್ಣಿಗೆ ಸ್ಪ್ಯಾನರ್ ಹಾಕಬಾರದು ಅಂತ ಯಾರೂ ಹೇಳಿರ್ಲಿಲ್ಲ, ಹೇಳಬೇಕಿರ್ಲಿಲ್ಲ ಕೂಡ. ಟಿಕ್ ಅಂತ ಸಣ್ಣ ಸದ್ದು, ತೂತಿನ ಪಕ್ಕ ಕೂದಲೆಳೆಯಷ್ಟು ಬಿರುಕು. ರಾತ್ರಿಯೆಲ್ಲಾ ತೊಟ್ ತೊಟ್. ತಪ್ಪು ಪೂರ್ತಿ ನಂದೇ. ಎಂಸೀಲ್ ಹೊರಗಡೆಯಿಂದ ಮೆತ್ತಿ, ಅದೇ ಫ್ರೀ ಪ್ಲಾಸ್ಟಿಕ್ ನಲ್ಲೀನ ಕೈಯಲ್ಲೇ ತಿರುಗಿಸಿ ಕೂರಿಸಿದ ಮೇಲೆ ನಿಂತಿತು. ಈಗಲೂ ಆ ಜಾಗದಲ್ಲಿ ಬೂದು ಬಣ್ಣದ ಪಟ್ಟಿ ಥರ ಕಾಣುತ್ತೆ, ಮನೆಗೆ ಬಂದೋರೆಲ್ಲಾ ಇದೇನಿದು ಅಂತ ಕೇಳ್ತಾರೆ, ಹೆಂಡ್ತಿ ನನ್ನ ಕಡೆ ಕೈ ತೋರಿಸ್ತಾಳೆ.

ತಂದ ದಿನವೇ ಕುಡಿಯೋಕೆ ಹೋಗ್ಬೇಡಿ. ಒಂದು ದಿನ ಬಕೆಟ್ ನೀರಲ್ಲಿ ಪೂರ್ತಿ ಮುಳುಗಿಸಿಟ್ವಿ, ಗುಳುಗುಳು ಅಂತ ಗುಳ್ಳೆ ಬರ್ತಾನೇ ಇರುತ್ತೆ, ಮಗಳು ಅದರ ಮುಂದೆ ಒಂದು ಗಂಟೆ ಕೂತಿದ್ಲು. ಆಮೇಲೆ ಮೂರು ದಿನ ನೀರು ತುಂಬಿಸಿ ಗಿಡಕ್ಕೆ ಚೆಲ್ಲಿದ್ವಿ. ಸೋಪು ಹಚ್ಚಲೇಬಾರದು, ಮಣ್ಣು ಹೀರ್ಕೊಂಡು ಆಮೇಲೆ ತಿಂಗಳುಗಟ್ಲೆ ನೀರಲ್ಲಿ ಬಿಡುತ್ತೆ. ತೆಂಗಿನ ನಾರು, ಬರೀ ನೀರು, ಬೇಕಂದ್ರೆ ಸ್ವಲ್ಪ ಕಲ್ಲುಪ್ಪು. ನಾಲ್ಕನೇ ದಿನ ಕಾಯಿಸಿ ಆರಿಸಿದ ಕಾವೇರಿ ನೀರು ಹಾಕಿ ಕುಡಿದ್ವಿ. ಮಗಳು ಒಂದು ಗುಟುಕು ಕುಡಿದು, ಅಪ್ಪಾ ಮಳೆ ವಾಸನೆ ಬರ್ತಿದೆ ಅಂದ್ಲು. ನಿಜ. ಮೊದಲ ಮಳೆ ಅಂಗಳಕ್ಕೆ ಬಿದ್ದಾಗಿನ ಅದೇ ವಾಸನೆ. ಉತ್ತರ ಪ್ರದೇಶದ ಕನ್ನೌಜಲ್ಲಿ ಸುಟ್ಟ ಮಣ್ಣಿಂದ ಇದೇ ವಾಸನೆ ಇಳಿಸಿ ಅತ್ತರ್ ಮಾಡಿ ಮಾರ್ತಾರೆ, ನಮಗೆ ಲೋಟದಲ್ಲೇ ಫ್ರೀ. ಎರಡು ವಾರ ಗಾಢವಾಗಿರುತ್ತೆ, ಆಮೇಲೆ ಕಮ್ಮಿಯಾಗುತ್ತೆ, ಹುಡುಕಿದ್ರೆ ಸಿಗುತ್ತೆ. ಅತ್ತೆ ಗ್ರಂಧಿಗೆ ಅಂಗಡಿಯಿಂದ ಲಾವಂಚದ ಬೇರು ತರಿಸಿ ಬಟ್ಟೇಲಿ ಕಟ್ಟಿ ಒಳಗೆ ಬಿಟ್ರು, ನಂಗೆ ಇಷ್ಟ ಆಯ್ತು, ಹೆಂಡ್ತಿಗೆ ದೇವಸ್ಥಾನದ ತೀರ್ಥ ಕುಡಿದಂಗಾಗುತ್ತಂತೆ. ಮೂರು ದಿನಕ್ಕೆ ತೆಗೆದ್ವಿ.

ಈಗ ಮುಖ್ಯ ಪ್ರಶ್ನೆ, ನೀರು ನಿಜವಾಗ್ಲೂ ತಣ್ಣಗಾಗುತ್ತಾ? ಮನೇಲಿರೋದು ಜ್ವರ ನೋಡೋ ಥರ್ಮಾಮೀಟರ್ ಒಂದೇ, ಅದು ಇಷ್ಟು ಕೆಳಗೆ ತೋರಿಸಲ್ಲ, ಲೋ ಅಂತ ಬರೆದು ಸುಮ್ನಾಗುತ್ತೆ. ಆಗ ಹೊಳೆದಿದ್ದು ಅದೇ ಕೊಬ್ಬರಿ ಎಣ್ಣೆ. ಅದು ಕರಗೋದು ಸುಮಾರು 24 ಡಿಗ್ರೀಲಿ. ಹೋಮಿಯೋಪತಿ ಮಾತ್ರೆ ಬರುತ್ತಲ್ಲ, ಆ ಥರ ಪುಟ್ಟ ಗಾಜಿನ ಶೀಶೆಗೆ ಒಂದು ಚಮಚ ಎಣ್ಣೆ ಹಾಕಿ, ಮುಚ್ಚಳ ಗಟ್ಟಿ ಮಾಡಿ, ದಾರ ಕಟ್ಟಿ ಮಡಕೆ ಒಳಗೆ ಇಳಿಬಿಟ್ಟೆ. ಇನ್ನೊಂದು ಶೀಶೆ ಪಕ್ಕದಲ್ಲಿ ಸ್ಟೀಲ್ ಕೊಳಗದ ನೀರಲ್ಲಿ. ರಾತ್ರಿ ಹತ್ತಕ್ಕೆ ಬಿಟ್ಟಿದ್ದು, ಬೆಳಿಗ್ಗೆ ಆರಕ್ಕೆ ನೋಡಿದ್ರೆ ಕೊಳಗದ ಶೀಶೇಲಿ ಎಣ್ಣೆ ನೀರು ನೀರು, ಮಡಕೆ ಶೀಶೇಲಿ ಬೆಳ್ಳಗೆ ಗಟ್ಟಿ! ಜನವರಿ ಒಂದು ತುಣುಕು ಮಡಕೆಯೊಳಗೆ ಉಳ್ಕೊಂಡಂಗಿತ್ತು. ನಾನು ಮನೆಯೋರನ್ನೆಲ್ಲಾ ಎಬ್ಬಿಸಿ ತೋರಿಸಿದೆ, ಯಾರಿಗೂ ನನ್ನಷ್ಟು ಖುಷಿಯಾಗಲಿಲ್ಲ ಬಿಡಿ. ಆಮೇಲೆ ಆಫೀಸ್ ಸ್ನೇಹಿತ ಒಬ್ಬ ಕೇಕ್ ಮಾಡೋಕೆ ಇಟ್ಕೊಂಡಿರೋ ಅಡುಗೆ ಥರ್ಮಾಮೀಟರ್ ತಂದುಕೊಟ್ಟ, ಅದರಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಹಾಲ್ 32, ನಲ್ಲಿ ನೀರು 29, ಮಡಕೆ ನೀರು 23. ಫ್ರಿಜ್ ನೀರಿನ ಹಾಗೆ ಹಲ್ಲು ಜುಮ್ ಅನ್ನಲ್ಲ, ಗಂಟಲು ಹಿಡಿಯಲ್ಲ, ಆದ್ರೆ ಕುಡಿದ್ರೆ ಕುಡಿದಂಗೆ ಅನ್ಸುತ್ತೆ.

ಇದರಲ್ಲಿ ಮಂತ್ರ ಏನಿಲ್ಲ. ಮಡಕೆ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳು, ನೀರು ಜಿನುಗಿ ಹೊರಮೈಗೆ ಬಂದು ಆವಿ ಆಗುತ್ತೆ, ಆವಿ ಆಗೋಕೆ ಬೇಕಾದ ಶಾಖನ ಒಳಗಿನ ನೀರಿಂದ ಕಿತ್ಕೊಂಡು ಹೋಗುತ್ತೆ. 1 ಲೀಟರ್ ನೀರು ಆವಿ ಆಗೋಕೆ ಹೆಚ್ಚುಕಮ್ಮಿ 580 ಕಿಲೋ ಕ್ಯಾಲರಿ ಬೇಕು, ಹಾಗಾದ್ರೆ ಬರೀ ಒಂದು ಲೋಟ, 200 ಎಂಎಲ್ ಆರಿಹೋದ್ರೂ 116 ಆಯ್ತು, ಅಷ್ಟೂ ಒಳಗಿನ ನೀರಿಂದಲೇ ಹೋದ್ರೆ 12 ಲೀಟರ್ ನೀರು 9 ಡಿಗ್ರಿ ಮೇಲೆ ಇಳೀಬೇಕು. ಹೊರಗಿನ ಗಾಳಿಯ ಬಿಸೀನೂ ಮಡಕೆಗೆ ತಾಗ್ತಾ ಇರುತ್ತಲ್ಲ, ಅದಕ್ಕೆ ನಮಗೆ ಆರು ಡಿಗ್ರಿ ಸಿಕ್ತು. ಅತ್ತೆ ಹೇಳಿದ ಬೆವರೋದು ಅಂದ್ರೆ ಇದೇ, ವಾರ್ನಿಷ್ ಹೊಡೆದ್ರೆ ತೂತು ಮುಚ್ಚಿಹೋಗುತ್ತೆ, ಮುಗೀತು ಕಥೆ.

ಗಾಳಿ ಒಣ ಇದ್ದಷ್ಟೂ ಮಡಕೆ ಜೋರು. ಬೆಂಗಳೂರಲ್ಲಿ ಮಾರ್ಚ್ ಮಧ್ಯಾಹ್ನ ಗಾಳಿ ಒಣಗಿರುತ್ತೆ, ಹಾಗಾಗಿ ಇದು ಮಡಕೆಗೆ ಹೇಳಿ ಮಾಡಿಸಿದ ಟೈಮು. ಮಂಗಳೂರಲ್ಲಿರೋ ನನ್ನ ಕಸಿನ್ ಇದೇ ಥರದ್ದು ತಗೊಂಡು ದುಡ್ಡು ದಂಡ ಮಾರಾಯಾ ಅಂತ ಬೈದ, ಅಲ್ಲಿ ಸೆಖೆ ಜೊತೆ ಗಾಳೀಲೇ ನೀರು ತುಂಬಿರುತ್ತೆ, ಇನ್ನು ಮಡಕೆ ನೀರು ಎಲ್ಲಿಗೆ ಆವಿ ಆಗಬೇಕು. ಕರಾವಳಿಯೋರು ಈ ರಿವ್ಯೂ ಓದಿ ಆಸೆ ಪಡಬೇಡಿ. ಅತ್ತೆ ಮಾತ್ರ ಬೆಂಗಳೂರು ಮಡಕೆಗೂ ಪೂರ್ತಿ ಮಾರ್ಕ್ಸ್ ಕೊಡಲ್ಲ, ಕಲಬುರಗೀಲಿ ಮೇ ತಿಂಗಳ ಬಿಸಿಲಿಗೆ ಹರವಿ ನೀರು ಇದಕ್ಕಿಂತ ತಣ್ಣಗಿರುತ್ತೆ ಅಂತ ವಾದ. ಅಲ್ಲಿ ಹೊರಗೆ 42 ಇದ್ದಾಗ ಒಳಗೆ 26 ಸಿಕ್ಕಿದ್ರೂ ಐಸ್ ಅನ್ಸುತ್ತೆ ಅತ್ತೆ ಅಂದೆ. ಕೇಳಿಸಿಕೊಳ್ಳಲಿಲ್ಲ.

ಎಲ್ಲಿಡ್ತೀರ ಅನ್ನೋದು ಮುಖ್ಯ. ಮೊದಲು ಅಡುಗೆಮನೆ ಮೂಲೇಲಿ ಇಟ್ಟಿದ್ವಿ, ಗ್ಯಾಸ್ ಶಾಖ, ಗಾಳಿ ಇಲ್ಲ, ಗೋಡೆ ಒದ್ದೆಯಾಗಿ ಕಪ್ಪು ಚುಕ್ಕೆ ಬರೋಕೆ ಶುರುವಾಯ್ತು. ಹಾಲ್ ಕಿಟಕಿ ಹತ್ರ, ಗಾಳಿ ಬರೋ ಆದ್ರೆ ಬಿಸಿಲು ಬೀಳದ ಜಾಗಕ್ಕೆ ತಂದ ಮೇಲೆ ಸರಿಹೋಯ್ತು. ಕೆಳಗೆ ಅತ್ತೆ ಅಗಲದ ಟ್ರೇಯಲ್ಲಿ ಮರಳು ಹಾಕಿ ಅದರ ಮೇಲೆ ಮಡಕೆ ಕೂರಿಸಿದ್ರು. ಜಿನುಗಿದ ನೀರೆಲ್ಲಾ ಮರಳು ಕುಡಿಯುತ್ತೆ. ಮರಳಿಗೆ ಒಂದು ಹಿಡಿ ಮೆಂತ್ಯ ಚೆಲ್ಲಿದ್ರು, ನಾನು ಗಮನಿಸೇ ಇರ್ಲಿಲ್ಲ, ಒಂದು ವಾರಕ್ಕೆ ಮಡಕೆ ಸುತ್ತ ಹಸಿರು ಸಿಂಬಿ ಇಟ್ಟಂಗೆ ಸೊಪ್ಪು! ಯುಗಾದಿ ದಿನ ಬಾಗಿಲಿಗೆ ಮಾವಿನ ತೋರಣ, ತಟ್ಟೇಲಿ ಬೇವು ಬೆಲ್ಲ, ಹಾಲಲ್ಲಿ ಮೆಂತ್ಯ ಸೊಪ್ಪಿನ ನಡುವೆ ಮಡಕೆ, ಬಂದೋರೆಲ್ಲಾ ಅದನ್ನೇ ನೋಡಿದ್ರು. ಒಬ್ಬಟ್ಟು ತಿಂದು ಬಾಯಿ ಸಿಹಿಯಾದ ಮೇಲೆ ಆ ನೀರು ಒಂದು ಲೋಟ ಕುಡಿಬೇಕು, ಅದಕ್ಕೆ ಬೇರೆ ರಿವ್ಯೂ ಬೇಡ. ಪಕ್ಕದ್ಮನೆ ಬೆಕ್ಕು ಮಧ್ಯಾಹ್ನ ಬಂದು ಬೆನ್ನನ್ನ ಮಡಕೆಗೆ ಒತ್ಕೊಂಡು ಮಲಗುತ್ತೆ, ಮೆಂತ್ಯ ಅರ್ಧ ಅದರ ಹೊಟ್ಟೆ ಕೆಳಗೇ ಹೋಯ್ತು.

ಕಷ್ಟಗಳನ್ನೂ ಹೇಳ್ಬೇಕು. ತುಂಬಿದ ಮಡಕೆ 16 ಕೆಜಿ ಮೇಲೆ ತೂಗುತ್ತೆ, ಸರಿಸೋಕೆ ಆಗಲ್ಲ, ಜಗ್ಗಲ್ಲಿ ತುಂಬಿಸ್ಬೇಕು. ದಿನಾ ರಾತ್ರಿ ತುಂಬಿಸೋ ಕೆಲಸ ಯಾರದು ಅಂತ ಹೊಸ ಜಗಳ. ನಾಲ್ಕು ದಿನಕ್ಕೊಂದು ಸಲ ಪೂರ್ತಿ ಖಾಲಿ ಮಾಡಿ ಉಜ್ಜದೇ ಇದ್ರೆ ಒಳಗೆ ಲೋಳೆ ಕಟ್ಟುತ್ತೆ. ಮಧ್ಯದಲ್ಲಿ ಒಂದು ವಾರ ಕಾವೇರಿ ನೀರು ಸರಿಯಾಗಿ ಬರ್ಲಿಲ್ಲ, ಬೋರ್ ನೀರನ್ನ ಕಾಯಿಸಿ ಹಾಕಿದ್ವಿ, ಮಡಕೆ ಹೊರಮೈಯೆಲ್ಲಾ ಬಿಳೀ ಪುಡಿ, ನೀರಲ್ಲಿರೋ ಉಪ್ಪು ಅಲ್ಲೇ ಒಣಗಿ ತೂತು ಮುಚ್ಚುತ್ತೆ, ತಣ್ಣಗಾಗೋದು ಕಮ್ಮಿ ಆಯ್ತು. ನಾರಲ್ಲಿ ಉಜ್ಜಿ ಒಂದು ದಿನ ಬಿಸಿಲಿಗೆ ಇಟ್ಟ ಮೇಲೆ ಸ್ವಲ್ಪ ಸುಧಾರಿಸ್ತು. ಇನ್ನು ಈ ವಾಟ್ಸಾಪಲ್ಲಿ ಬರುತ್ತಲ್ಲ, ಮಡಕೆ ನೀರು ಆಲ್ಕಲೈನ್, ಆ ರೋಗ ಹೋಗುತ್ತೆ ಈ ರೋಗ ಹೋಗುತ್ತೆ ಅಂತ, ಅದನ್ನೆಲ್ಲಾ ನಂಬಿ ಕೊಳೆ ನೀರು ತುಂಬಿಸ್ಬೇಡಿ ದಯವಿಟ್ಟು, ಮಡಕೆ ನೀರನ್ನ ತಣ್ಣಗೆ ಮಾಡುತ್ತೆ ಅಷ್ಟೇ, ಶುದ್ಧ ಮಾಡೋದು ನಿಮ್ಮ ಕೆಲಸ. ಕೈ ಒಳಗೆ ಹಾಕೋದು, ಎಂಜಲು ಲೋಟ ಅದ್ದೋದು ಎರಡೂ ಬೇಡ, ಆ ಒಂದು ವಿಷಯಕ್ಕೆ ನಲ್ಲಿ ವಾಸಿ ಅಂತ ಒಪ್ಕೊಳ್ತೀನಿ.

80 ರೂಪಾಯಿ ತಟ್ಟೆ ಬಗ್ಗೆ ಎರಡು ಮಾತು. ಬಾಲ್ಕನಿ ಕಟ್ಟೆ ಮೇಲೆ ಇಟ್ಟು ಐದು ದಿನ ಒಂದು ಕಾಗೆ ಬಿಟ್ಟು ಯಾರೂ ಬರ್ಲಿಲ್ಲ, ಕಾಗೆ ಎಲ್ಲಿಂದಲೋ ತಂದ ಚಪಾತಿ ತುಂಡು ಅದರಲ್ಲಿ ನೆನೆಸಿ ತಿಂದು ಗಲೀಜು ಮಾಡಿ ಹೋಗ್ತಿತ್ತು. ಆಮೇಲೆ ಒಳಗೆ ಎರಡು ಚಪ್ಪಟೆ ಕಲ್ಲು ಇಟ್ಟ ಮೇಲೆ ಪಿಕಳಾರ ಜೋಡಿ ಬರೋಕೆ ಶುರುವಾಯ್ತು, ಸಣ್ಣ ಹಕ್ಕಿಗಳಿಗೆ ಕಾಲೂರೋಕೆ ಜಾಗ ಬೇಕು ಅನ್ಸುತ್ತೆ. ಕೋಗಿಲೆ ಮಾತ್ರ ಬೆಳಗಿನ ಜಾವ ನಾಲ್ಕೂವರೆಯಿಂದ ಹೊಂಗೆ ಮರದಲ್ಲಿ ಕೂಗಿ ನಮ್ಮ ನಿದ್ದೆ ಕೆಡಿಸುತ್ತೆ, ನೀರು ಕುಡಿಯೋಕೆ ಒಂದಿನಾನೂ ಬಂದಿಲ್ಲ. ದಿನಾ ನೀರು ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ ಸಾಕಿದಂಗೆ.

ಮಾರ್ಕ್ಸು: ಮಡಕೆಗೆ ಐದಕ್ಕೆ ನಾಲ್ಕೂವರೆ, ತಟ್ಟೆಗೆ ನಾಲ್ಕು, ಪಾಟರಿ ಟೌನ್ ಅಂಗಡಿಯಮ್ಮನಿಗೆ ಐದಕ್ಕೆ ಐದು, ಸ್ಪ್ಯಾನರ್ ಹಿಡಿದ ಕೈಗೆ ಸೊನ್ನೆ. ತಗೊಳ್ಳೋದಾದ್ರೆ ಶಿವರಾತ್ರಿ ಯುಗಾದಿ ಮಧ್ಯೆ ತಗೊಳ್ಳಿ, ಆರಿಸೋಕೆ ಜಾಸ್ತಿ ಇರುತ್ತೆ, ಬಣ್ಣದ್ದು ಬೇಡ, ತಟ್ಟಿ ನೋಡದೆ ದುಡ್ಡು ಕೊಡ್ಬೇಡಿ.

ಶೀಶೆ ಈಗಲೂ ಮಡಕೆ ಒಳಗೇ ನೇತಾಡ್ತಾ ಇದೆ, ಬೆಳಿಗ್ಗೆ ಎದ್ದು ಮಗಳು ಮೊದಲು ದಾರ ಎಳೆದು ನೋಡ್ತಾಳೆ. ಮೊನ್ನೆ ಸಂಜೆ ಗುಡುಗಿ ವರ್ಷದ ಮೊದಲ ಮಳೆ ಬಂತು, ಬೀದಿಯೆಲ್ಲಾ ಹೊಂಗೆ ಹೂ ಚೆಲ್ಲಿತ್ತು, ಗಾಳಿ ರಾತ್ರಿಯೆಲ್ಲಾ ತೇವ ತೇವ. ಬೆಳಿಗ್ಗೆ ಶೀಶೆ ಎತ್ತಿ ನೋಡಿದ್ರೆ ಎಣ್ಣೆ ತಳದಲ್ಲಿ ಮಾತ್ರ ಒಂದು ಬೆರಳು ಬೆಳ್ಳಗೆ, ಮೇಲೆಲ್ಲಾ ನೀರು.